ಎಡಗೈ ತಡವಾಗಿ ಬಿಡುವ ಕುರ್ಚಿ

ಬೆಳಗ್ಗೆ ಅವಳಿನ್ನೂ ಸರಿಯಾಗಿ ಕಣ್ಣು ಬಿಟ್ಟಿರಲಿಲ್ಲ, ಮೊಬೈಲು ಆಗಲೇ "ಮೇಡಂ, ಇದು ನ್ಯಾಯಾನಾ?" ಎಂದು ಕೇಳುತ್ತಿತ್ತು. ಹಲ್ಲುಜ್ಜುವ ಮೊದಲೇ ನ್ಯಾಯ ಅನ್ಯಾಯದ ಪ್ರಶ್ನೆಗೆ ಉತ್ತರ ಕೊಡುವ ಗತಿ ಯಾರಿಗೂ ಬರಬಾರದು. ಅವಳು ಅದನ್ನು ದಿಂಬಿನ ಕೆಳಗೆ ತುರುಕಿದಳು. ದಿಂಬಿನ ಕೆಳಗಿನಿಂದಲೂ ಅದು ಗುಂಯ್‌ಗುಟ್ಟಿತು. ಈ ಸಲ ವಿಡಿಯೋ ಬಂದಿತ್ತು.

ಕಳಿಸಿದವನು ಒಬ್ಬ ಡ್ರೈವಿಂಗ್ ಸ್ಕೂಲ್ ಮೇಷ್ಟ್ರು. ಹಳೆ ಸಾಮಾನಿನ ಆ್ಯಪಿನಲ್ಲಿ ಅವಳು ಮಾರಾಟಕ್ಕಿಟ್ಟಿದ್ದ ಮಸಾಜ್ ಕುರ್ಚಿಯನ್ನು ಹಿಂದಿನ ಭಾನುವಾರ ಕೊಂಡುಹೋದವನು. ದಿನವಿಡೀ ಕಲಿಯುವವರ ಪಕ್ಕದಲ್ಲಿ ಕೂತು, ಅವರು ಒತ್ತಬೇಕಾದ ಬ್ರೇಕನ್ನೆಲ್ಲ ತಾನೇ ಒತ್ತಿ ಒತ್ತಿ ಅವನ ಸೊಂಟ ಹಿಡಿದುಹೋಗಿತ್ತಂತೆ. ಕುರ್ಚಿಯಲ್ಲಿ ಒಂದು ಸಲ ಕೂತು ನೋಡಿದವನೇ "ಆಹಾ, ಸ್ವರ್ಗ ಮೇಡಂ" ಎಂದಿದ್ದ. ಸ್ವರ್ಗಕ್ಕೆ ಹೋದವನು ಅಲ್ಲಿಂದಲೇ ರಿಫಂಡ್ ಕೇಳುತ್ತಾನೆಂದು ಅವಳಿಗೆ ಹೇಗೆ ಗೊತ್ತಾಗಬೇಕು!

ಅವಳು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಕೆನ್ನೆ ಹಿಡಿದುಕೊಂಡು ಬಂದವರನ್ನು "ಇನ್ನೇನು ಆಯ್ತು, ಒಂದೇ ನಿಮಿಷ" ಎಂದು ಗಂಟೆಗಟ್ಟಲೆ ಕೂರಿಸುವುದರಲ್ಲಿ ಎತ್ತಿದ ಕೈ. ಆ ದನಿಯಲ್ಲಿ ಎಂಥ ಮೆದುತನವೆಂದರೆ, ನೋವಿನಲ್ಲಿ ಕಿರುಚಲು ಬಂದವರೂ ಕ್ಷಮೆ ಕೇಳಿ ಕೂರುತ್ತಿದ್ದರು. ಆದರೆ ಸಂಜೆ ಮನೆ ಮುಟ್ಟುವ ಹೊತ್ತಿಗೆ ಅವಳ ಬಳಿಯಿದ್ದ ಸಮಾಧಾನವೆಲ್ಲ ಖರ್ಚಾಗಿರುತ್ತಿತ್ತು. ಗಂಡನ ಪಾಲಿಗೆ ತಳ ಹಿಡಿದದ್ದಷ್ಟೇ ಉಳಿಯುತ್ತಿತ್ತು.

ಗಂಡನ ಬಗ್ಗೆಯೂ ಹೇಳಬೇಕು. ನೀರಿನ ಮೀಟರು ತಯಾರಿಸುವ ಕಾರ್ಖಾನೆಯಲ್ಲಿ ಚೆಕಿಂಗ್ ಕೆಲಸ ಮಾಡಿ ಹೋದ ವರ್ಷ ನಿವೃತ್ತನಾದವನು. ಒಂದೊಂದು ಮೀಟರನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ಕಿವಿಯ ಹತ್ತಿರ ಇಟ್ಟು ಕೇಳಿ, ತಪ್ಪು ಸಿಕ್ಕರೆ ಕೆಂಪು ಚೀಟಿ ಅಂಟಿಸುವುದೇ ಜೀವನವಾಗಿತ್ತು. ಕಾರ್ಖಾನೆಯವರು ರೋಸಿಹೋಗಿ ಅವನಿಗೆ ತಪ್ಪಣ್ಣ ಎಂದು ಹೆಸರಿಟ್ಟರು. ಅವನು ಅದನ್ನು ಬಿರುದಿನ ಹಾಗೆ ಮನೆಗೆ ತಂದ. ಮದುವೆಯಾದ ಹೊಸದರಲ್ಲಿ "ಈ ಸೀರೇಲಿ ಹೇಗೆ ಕಾಣ್ತೀನಿ?" ಎಂದು ಅವಳು ಒಮ್ಮೆ ಕೇಳಿ ಕೆಟ್ಟಿದ್ದಳು. ಆಮೇಲೆ ಕೇಳುವ ಗೋಜಿಗೆ ಹೋಗಿರಲಿಲ್ಲ.

ಸುಳ್ಳು ಎನ್ನುವುದು ತಪ್ಪಣ್ಣನ ನಾಲಗೆಗೆ ಹತ್ತುತ್ತಲೇ ಇರಲಿಲ್ಲ. ಇದು ದೊಡ್ಡ ಗುಣವೆಂದು ಹೊಗಳುವವರು ಅಂಥವನ ಜತೆ ಒಂದು ತಿಂಗಳು ಸಂಸಾರ ಮಾಡಿ ನೋಡಬೇಕು. ಒಮ್ಮೆ ಯಾರೋ ವಿಮೆ ಮಾರುವವರು ಫೋನ್ ಮಾಡಿದಾಗ, ತಾನು ಮನೆಯಲ್ಲಿಲ್ಲ ಎನ್ನಿ ಎಂದು ಅವಳು ಕೈಸನ್ನೆ ಮಾಡಿದ್ದಳು. ಅವನು ಫೋನಿಗೆ, "ಇದ್ದಾಳೆ. ಇಲ್ಲ ಅಂತ ಹೇಳಿ ಅಂತಿದ್ದಾಳೆ" ಎಂದಿದ್ದ.

ಇಂಥವನ ಕುರ್ಚಿ ಮಾರಬೇಕಾಗಿ ಬಂದದ್ದು ಅಮ್ಮನಿಗಾಗಿ. ಅಮ್ಮ ಇಷ್ಟು ದಿನ ಅವಳ ತಮ್ಮನ ಮನೆಯಲ್ಲಿದ್ದರು. ತಮ್ಮ ಈಗ ಚಿಕ್ಕದೊಂದು ಫ್ಲಾಟಿಗೆ ಹೊರಟಿದ್ದ. ಅಲ್ಲಿ ಅಮ್ಮನಿಗೆ ಮಂಚ ಹಾಕುವಷ್ಟು ಜಾಗವಿಲ್ಲವೆಂದು ಒಂದು ವೃದ್ಧಾಶ್ರಮ ನೋಡಿಕೊಂಡು ಬಂದಿದ್ದ. "ಚೆನ್ನಾಗಿದೆ ಅಕ್ಕ, ಗಾಳಿ ಬೆಳಕು ಎಲ್ಲ ಇದೆ. ಮುಂದಿನ ತಿಂಗಳ ಮೊದಲ್ನೇ ಸೋಮವಾರ ಅವರಿಗೆ ಹೂಂ ಅಥವಾ ಉಹೂಂ ಹೇಳ್ಬೇಕು" ಎಂದಿದ್ದ. "ಅಮ್ಮ ನಮ್ಮನೆಗೆ ಬರ್ತಾಳೆ" ಎಂದು ಅವಳು ತಕ್ಷಣ ಹೇಳಿಬಿಟ್ಟಳು. ಅಮ್ಮ ಮಾತ್ರ ಒಪ್ಪಲಿಲ್ಲ.

"ಅಳಿಯಂದಿರು ಕರೆದ್ರೆ ಬರ್ತೀನಿ" ಎಂದರು ಅಮ್ಮ. "ನೀನು ಕರೆದದ್ದು ಲೆಕ್ಕಕ್ಕಿಲ್ಲ ಕಣೇ. ಮಗಳು ಕರೀಲೇಬೇಕು. ಅವರ ಮನಸ್ಸಲ್ಲಿ ಬೇಡ ಅಂತಿದ್ರೆ, ಒಂದೇ ಮನೇಲಿ ದಿನಾ ಅವರ ಮುಖ ನೋಡ್ಕೊಂಡು ನಾನು ಹೇಗೆ ಕೂರ್ಲಿ?"

ವಿಷಯ ತಿಳಿಸಿದಾಗ ತಪ್ಪಣ್ಣ ಅಂದದ್ದು "ಆಯ್ತು" ಎಂಬ ಒಂದೇ ಮಾತು. ಹಿಂದಿನ ಕೋಣೆ ಖಾಲಿಯಾಗಬೇಕು ಎಂದಾಗಲೂ "ಆಯ್ತು". ನಿಮ್ಮ ಕುರ್ಚಿ ಮಾರಬೇಕು ಎಂದಾಗ ಅದರ ತೋಳು ಸವರಿ "ಆಯ್ತು". ಈ ಆಯ್ತು ಎನ್ನುವುದು ಇದೆಯಲ್ಲ, ಅದು ಒಪ್ಪಿಗೆಯೋ ಸಿಟ್ಟೋ ಎಂದು ಮೂವತ್ತು ವರ್ಷ ಸಂಸಾರ ಮಾಡಿದವಳಿಗೂ ಹೇಳಲಾಗುತ್ತಿರಲಿಲ್ಲ. "ಅಮ್ಮನ್ನ ನೀವೇ ಒಂದು ಮಾತು ಕರೀರಿ" ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿಕೊಟ್ಟು ಕರೆಸಿದರೆ ಅದು ಕರೆದ ಹಾಗಾಗುತ್ತದೆಯೇ ಎಂಬ ಹಟ ಅವಳಿಗೆ.

ಜಾಹೀರಾತು ಬರೆಯುವಾಗಲೇ ಅನುಮಾನ ಶುರುವಾಯಿತು. "ಮಸಾಜ್ ಕುರ್ಚಿ. ಚೆನ್ನಾಗಿದೆ" ಎಂದು ಅವಳು ಬರೆದಿದ್ದಳು. ತಪ್ಪಣ್ಣ ಕನ್ನಡಕ ಏರಿಸಿಕೊಂಡು ಬಂದು ಅದನ್ನು ಅಳಿಸಿದ. ಕುರ್ಚಿಯ ಸುತ್ತ ಮೊಣಕಾಲಲ್ಲಿ ತೆವಳಿ, ಟಾರ್ಚು ಬಿಟ್ಟು ನೋಡಿ, ತಾನೇ ಬರೆದ: "ಬಲಭುಜದ ಹೊಲಿಗೆ ಬಿಟ್ಟಿದೆ. ರಿಮೋಟಿನ ಕೆಳಗಿನ ಗುಂಡಿಯನ್ನು ಎರಡು ಸಲ ಒತ್ತಬೇಕು. ಬೆನ್ನುಜ್ಜುವ ಉರುಳೆ ಇಳಿಯುವಾಗ ಮುಲುಕುತ್ತದೆ. ಪಾದಕ್ಕೆ ಬಿಸಿ ತಾಗುತ್ತದೆಂದು ಕಂಪನಿಯವರು ಹೇಳುತ್ತಾರೆ, ನನಗೆ ತಾಗಿಲ್ಲ." ಹೀಗೇ ಪರದೆ ತುಂಬಿ, ಬೆರಳಿನಿಂದ ಜಾರಿಸಿದಷ್ಟೂ ಮುಗಿಯದ ದೋಷಗಳು. ಕೊನೆಗೆ ಅವಳು ಹಲ್ಲು ಕಚ್ಚಿಕೊಂಡು "ಇದ್ದದ್ದು ಇದ್ದ ಹಾಗೆ. ವಾಪಸ್ ಇಲ್ಲ" ಎಂದು ಸೇರಿಸಿದಳು.

"ಇದನ್ನ ಓದಿ ಯಾವನು ಕೊಳ್ತಾನೆ?" ಎಂದು ಕೇಳಿದಳು.

"ಓದಿ ಕೊಂಡವನು ಆಮೇಲೆ ಜಗಳಕ್ಕೆ ಬರಲ್ಲ" ಎಂದ ತಪ್ಪಣ್ಣ.

ಯಾರೂ ಕೊಳ್ಳದಿರಲಿ ಎಂದೇ ಹೀಗೆ ಬರೆದನೇ ಎಂದು ಅವಳ ಮನಸ್ಸು ಕುಟುಕಿತು. ಕುರ್ಚಿ ಹೋಗದಿದ್ದರೆ ಕೋಣೆ ಖಾಲಿಯಾಗದು. ಕೋಣೆ ಖಾಲಿಯಾಗದಿದ್ದರೆ ಅಮ್ಮ ಬರುವುದಿಲ್ಲ. ಬಾಯಿಬಿಟ್ಟು ಬೇಡ ಎನ್ನದೆಯೇ ಬೇಡವಾಗಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ?

ಅದೇ ಕೋಣೆಯ ಬೇರೆ ಸಾಮಾನುಗಳನ್ನು ಮಾರಿ ಅವಳು ಆಗಲೇ ಹಣ್ಣಾಗಿದ್ದಳು. ಸ್ಪೀಕರ್ ಡಬ್ಬಗಳನ್ನು ಕೊಂಡವನು, ಅವು ಚೆನ್ನಾಗಿ ಕೇಳಿಸುತ್ತವೆ, ಅದಕ್ಕೇ ಪಕ್ಕದ ಮನೆಯವರು ಜಗಳಕ್ಕೆ ಬಂದಿದ್ದಾರೆ, ಹಣ ವಾಪಸ್ ಕೊಡಿ ಎಂದಿದ್ದ. ವ್ಯಾಯಾಮದ ಸೈಕಲ್ ಕೊಂಡ ಹೆಂಗಸು ವಾರವೆಲ್ಲ ತುಳಿದರೂ ತೂಕ ಇಳಿದಿಲ್ಲವೆಂದು ತಕ್ಕಡಿಯ ಫೋಟೋ ಕಳಿಸಿದ್ದಳು. ಅವರನ್ನೆಲ್ಲ ಕ್ಲಿನಿಕ್ಕಿನ ದನಿಯಲ್ಲಿ, "ನಿಮ್ಮ ಕಷ್ಟ ಅರ್ಥ ಆಗುತ್ತೆ, ಆದ್ರೆ ಜಾಹೀರಾತಿನ ಕೊನೇ ಸಾಲು ನೋಡಿ" ಎಂದು ಸಾಗಹಾಕಿದ್ದಳು. ಡ್ರೈವಿಂಗ್ ಮೇಷ್ಟ್ರು ಮಾತ್ರ ಯಾವುದಕ್ಕೂ ಸೊಪ್ಪು ಹಾಕುವ ಗಿರಾಕಿಯಾಗಿರಲಿಲ್ಲ.

ಕುರ್ಚಿ ಮುಲುಕುತ್ತದೆ ಎಂದ. ಬರೆದಿದ್ದೇವೆ, ಓದಿ ಎಂದಳು. ಗುಂಡಿ ಎರಡು ಸಲ ಒತ್ತಬೇಕು ಎಂದ. ಅದನ್ನೂ ಬರೆದಿದ್ದೇವೆ ಎಂದಳು. ಫೋಟೋದಲ್ಲಿದ್ದ ಕಂದು ಬಣ್ಣವೇ ಬೇರೆ, ಮನೆಗೆ ಬಂದ ಕಂದು ಬಣ್ಣವೇ ಬೇರೆ ಎಂದ. ದೀಪ ಬದಲಿಸಿ ನೋಡಿ ಎಂದಳು. ಕ್ಲಿನಿಕ್ಕಿನಲ್ಲಿ ಒಬ್ಬರ ಹೆಸರು ಕೂಗುವಷ್ಟರಲ್ಲಿ ಅವನ ಸಂದೇಶ, ಊಟದ ಡಬ್ಬಿ ತೆರೆದರೆ ಅವನ ಸಂದೇಶ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೂ ಸೊಂಟದ ಹತ್ತಿರ ಚೀಲದೊಳಗೆ ಅವನೇ ಗುಂಯ್‌ಗುಡುತ್ತಿದ್ದ.

ಈಗ ಭಾನುವಾರದ ಬೆಳಗ್ಗೆ ವಿಡಿಯೋ ಬಂದಿದೆ. ಹಾಸಿಗೆಯಲ್ಲೇ ಕೂತು ನೋಡಿದಳು. ಆ ಕುರ್ಚಿಯ ಎರಡು ತೋಳುಗಳಲ್ಲೂ ಗಾಳಿಚೀಲಗಳಿವೆ. ಕೂತವರ ಕೈಗಳನ್ನು ಅವು ಅಮುಕಿ ಹಿಡಿದು ಮತ್ತೆ ಬಿಡುತ್ತವೆ. ವಿಡಿಯೋದಲ್ಲಿ ಮೇಷ್ಟ್ರ ಬಲಗೈ ಬಿಡುಗಡೆಯಾಯಿತು. ಎಡಗೈ ಇನ್ನೂ ಒಳಗೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ಪುಸ್ ಎಂದು ಅದೂ ಹೊರಬಂತು. ಕೆಳಗೆ ಬರೆದಿದ್ದ: "ಇಷ್ಟೆಲ್ಲ ತಪ್ಪು ಬರೆದೋರು ಇದೊಂದನ್ನ ಯಾಕೆ ಬರೀಲಿಲ್ಲ? ಬೇಕಂತಲೇ ಮುಚ್ಚಿಟ್ಟಿದೀರಿ. ಇದು ಮೋಸ."

ಅವಳ ಪಿತ್ತ ನೆತ್ತಿಗೇರಿತು. "ಚೆನ್ನಾಗಿದೆ" ಎಂದಷ್ಟೇ ಬರೆದಿದ್ದರೆ ಈ ಮಾತು ಬರುತ್ತಿತ್ತೇ? ಎಲ್ಲವನ್ನೂ ಹೇಳಿದವನೇ ಒಂದನ್ನು ಮುಚ್ಚಿಟ್ಟವನಾಗುತ್ತಾನೆ. "ಇದ್ದದ್ದು ಇದ್ದ ಹಾಗೆ ಅಂದ್ರೆ ಎಡಗೈನೂ ಇದ್ದ ಹಾಗೇ" ಎಂದು ಖಡಾಖಂಡಿತವಾಗಿ ಬರೆದು ಕಳಿಸಿ, ಮೊಬೈಲನ್ನು ಮೇಜಿನ ಮೇಲೆ ಕುಕ್ಕಿ ಸ್ನಾನಕ್ಕೆ ಹೋದಳು. ಮಾಡಿದ ತಪ್ಪು ಅದೊಂದೇ, ಮೊಬೈಲು ಬಿಟ್ಟು ಹೋದದ್ದು.

ತಲೆಗೆ ಟವೆಲು ಸುತ್ತಿಕೊಂಡು ಹೊರಬಂದರೆ, ತಪ್ಪಣ್ಣ ಮೊಬೈಲು ಹಿಡಿದುಕೊಂಡು ಸಾವಿನ ಸುದ್ದಿ ಕೇಳಿದವನ ಹಾಗೆ ಕೂತಿದ್ದ.

"ಅವನು ಹೇಳಿದ್ದು ನಿಜ" ಎಂದ. "ಎಡಗೈ ತಡವಾಗಿ ಬಿಡುತ್ತೆ. ನಾನು ಯಾವಾಗ್ಲೂ ಎಡಗೈಲಿ ಪೇಪರ್ ಹಿಡ್ಕೊಂಡೇ ಕೂರ್ತಿದ್ದೆ. ಆ ಕೈನ ಒಳಗೆ ಇಟ್ಟೇ ಇಲ್ಲ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ಪರೀಕ್ಷೆ ಮಾಡಿಲ್ಲ!"

"ಹೋಗ್ಲಿ ಬಿಡಿ. ಮೊಬೈಲ್ ಕೊಡಿ ಇಲ್ಲಿ."

"ಅವನಿಗೆ ಹೇಳಿದೀನಿ."

"ಏನಂತ?"

ಕೈಯಿಂದ ಕಿತ್ತುಕೊಂಡು ಓದಿದಳು. ಅವಳ ಹೆಸರಿನ ಖಾತೆಯಿಂದ, ಅವಳ ಖಡಾಖಂಡಿತ ಉತ್ತರದ ಕೆಳಗೇ ಹೋಗಿತ್ತು: "ನೀವು ಹೇಳಿದ್ದು ಸರಿ. ಈ ದೋಷ ನಮ್ಮ ಗಮನಕ್ಕೆ ಬಂದಿರಲಿಲ್ಲ. ಬರಬೇಕಿತ್ತು. ವಿಷಾದಿಸುತ್ತೇವೆ." ಅದರ ಕೆಳಗೆ ಮೇಷ್ಟ್ರ ಉತ್ತರವೂ ಬಂದಾಗಿತ್ತು: "ಒಪ್ಪಿಕೊಂಡಿದ್ದಕ್ಕೆ ಥ್ಯಾಂಕ್ಸ್. ಸ್ಕ್ರೀನ್‌ಶಾಟ್ ತಗೊಂಡಿದೀನಿ. ಕುರ್ಚಿ ಗಾಡಿಗೆ ಹಾಕಿಸ್ತಾ ಇದೀನಿ. ಮನೇಲೇ ಇರಿ."

ಅವಳು ಹಣೆ ಚಚ್ಚಿಕೊಂಡಳು. ಒಂದು ವಾರ ಕೋಟೆಯ ಬಾಗಿಲಲ್ಲಿ ನಿಂತು ಕಾದವಳು ಒಂದು ಸ್ನಾನ ಮುಗಿಸುವಷ್ಟರಲ್ಲಿ, ಒಳಗಿನವನೇ ಬಾಗಿಲು ತೆಗೆದು ಬನ್ನಿ ಬನ್ನಿ ಎಂದಿದ್ದ.

"ರೀ, ನಿಮಗೆ ಬುದ್ಧಿ ಇದೆಯಾ? ಆ ಕುರ್ಚಿ ಬಂದ್ರೆ ಎಲ್ಲಿಡ್ತೀರಿ? ಅಮ್ಮನ ಮಂಚದ ಮೇಲಾ?"

ತಪ್ಪಣ್ಣ ಹಿಂದಿನ ಕೋಣೆಯ ಕಡೆ ನೋಡಿದ.

"ನಾಳೆ ತಮ್ಮ ಆ ಆಶ್ರಮದವರಿಗೆ ಹೂಂ ಅಂದುಬಿಡ್ತಾನೆ. ಆಮೇಲೆ ನಿಮ್ಮ ಕುರ್ಚಿ, ನಿಮ್ಮ ಕೋಣೆ, ನೀವು. ಆರಾಮಾಗಿರಿ." ಅವಳು ತಲೆಯ ಟವೆಲು ಕಿತ್ತು ಎಸೆದಳು. "ನಮ್ಮಮ್ಮ ಬರೋದು ಬೇಡ ಅಂತಿದ್ರೆ ಬಾಯಿಬಿಟ್ಟು ಹೇಳಿ. ಹೀಗೆ ಹಿಂದಿಂದ ಕೊಕ್ಕೆ ಹಾಕ್ಬೇಡಿ."

"ನಾನ್ಯಾವಾಗ ಬೇಡ ಅಂದೆ?"

"ಬೇಕು ಅಂತ ಯಾವಾಗ ಅಂದ್ರಿ?"

ಅವನು ಎದ್ದು ಹಿಂದಿನ ಕೋಣೆಗೆ ಹೋದ. ಕುರ್ಚಿಯಿದ್ದ ಕಡೆ ನೆಲದ ಮೇಲೆ ನಾಲ್ಕು ಮಾಸಲು ಗುರುತುಗಳಿದ್ದವು, ಕಿಟಕಿಯ ಪಕ್ಕ ಅಮ್ಮನಿಗೆಂದು ತರಿಸಿದ್ದ ಮಂಚವಿತ್ತು. ಅವನು ಆ ಮಂಚವನ್ನು ಅಲ್ಲಾಡಿಸಿ ನೋಡುತ್ತಿರುವ ಸದ್ದು ಕೇಳಿಸಿತು. ಅದರಲ್ಲೂ ತಪ್ಪು ಹುಡುಕುತ್ತಿದ್ದಾನೆ ಎಂದುಕೊಂಡು ಅವಳಿಗೆ ಮೈ ಪರಚಿಕೊಳ್ಳುವಂತಾಯಿತು. ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅತ್ತಳು ಕೂಡ.

ಗಾಡಿ ಬಂತು. ಹಿಂಬದಿಯಲ್ಲಿ ಕುರ್ಚಿ ಹೊದಿಕೆ ಹೊದ್ದು ರೋಗಿಯ ಹಾಗೆ ಒರಗಿ ಕೂತಿತ್ತು. ಅದರ ಎರಡು ಬದಿಗೆ ಇಬ್ಬರು ಕೂಲಿಯವರು. ಮುಂದಿನಿಂದ ಸೊಂಟ ಹಿಡಿದುಕೊಂಡು ಮೇಷ್ಟ್ರು ಇಳಿದ. ಅವಳು ಗೇಟಿಗೆ ಅಡ್ಡ ನಿಂತಳು.

"ಮೇಡಂ, ನೀವೇ ಒಪ್ಕೊಂಡಿದೀರಿ!" ಎಂದು ಅವನು ರಸ್ತೆಯಿಂದಲೇ ಕೂಗಿದ.

"ಒಪ್ಕೊಂಡೋರು ನಾನಲ್ಲ!"

"ನಿಮ್ಮ ಮೊಬೈಲಿಂದಾನೇ ಬಂದಿದೆ!"

"ಮಾರಿದ ಮೇಲೆ ಮುಗೀತು ರೀ! ಒಂದು ವಾರದಿಂದ ನನ್ನ ಜೀವ ಹಿಂಡ್ತಾ ಇದೀರಿ! ಕ್ಲಿನಿಕ್ಕಲ್ಲಿ ಹಲ್ಲು ಕೀಳಿಸ್ಕೊಳ್ಳೋಕೆ ಬಂದೋರೂ ನಿಮ್ಮಷ್ಟು ಗೋಳಾಡಲ್ಲ!"

"ನನ್ನ ಮರ್ಯಾದೆ ಪ್ರಶ್ನೆ ಮೇಡಂ ಇದು! ಇಳಿಸ್ರೋ ಕುರ್ಚಿನ!"

ಎದುರು ಮನೆಯ ಕಿಟಕಿ ತೆರೆಯಿತು. ಕೂಲಿಯವರು ಹಗ್ಗ ಬಿಚ್ಚತೊಡಗಿದರು. ಆಗ ತಪ್ಪಣ್ಣ ಹೊರಗೆ ಬಂದ. ಈಗ ಈ ಮಹಾನುಭಾವ, ಹೌದು ತಪ್ಪು ನಮ್ಮದೇ, ತನ್ನಿ ಒಳಗೆ ಎನ್ನುತ್ತಾನೆ. ಕುರ್ಚಿ ಒಳಗೆ ಹೋಗುತ್ತದೆ. ಅಮ್ಮ ಆಶ್ರಮಕ್ಕೆ ಹೋಗುತ್ತಾಳೆ. ಎಲ್ಲ ಮುಗಿಯಿತು ಎಂದುಕೊಂಡಳು.

ತಪ್ಪಣ್ಣ ಮೆಟ್ಟಿಲು ಇಳಿದು, ಅವಳ ಪಕ್ಕ ಬಂದು ನಿಂತು, ತುಟಿಯ ಮೇಲೆ ಬೆರಳಿಟ್ಟ.

"ಸ್ವಲ್ಪ ಮೆತ್ತಗೆ ಮಾತಾಡಿ" ಎಂದ. "ಒಳಗೆ ನಮ್ಮತ್ತೆ ಮಲಗಿದಾರೆ."

ಅವಳು ಕತ್ತು ತಿರುಗಿಸಿ ಗಂಡನ ಮುಖ ನೋಡಿದಳು. ಕಿವಿಯ ತುದಿಯವರೆಗೂ ಕೆಂಪೇರಿತ್ತು. ಕಣ್ಣುರೆಪ್ಪೆ ಬಡಿಯದೆ ಮೇಷ್ಟ್ರನ್ನೇ ನೋಡುತ್ತಿದ್ದ.

ಮೇಷ್ಟ್ರು ಗಕ್ಕನೆ ದನಿ ತಗ್ಗಿಸಿದ. "ಅಯ್ಯೋ, ಗೊತ್ತಿರ್ಲಿಲ್ಲ ಸಾರ್. ಹುಷಾರಿಲ್ವಾ?"

"ವಯಸ್ಸಾಗಿದೆ. ನಿದ್ದೆ ಬರೋದೇ ಕಷ್ಟ. ಈಗಷ್ಟೇ ಕಣ್ಣು ಮುಚ್ಚಿದಾರೆ." ತಪ್ಪಣ್ಣ ಮನೆಯ ಕಡೆ ಕೈ ತೋರಿಸಿದ. "ಕುರ್ಚಿ ಇದ್ದ ಕೋಣೆ ಈಗ ಅವರದು. ಅದನ್ನ ವಾಪಸ್ ತಗೊಳ್ಳೋಕೆ ನನ್ನ ಹತ್ರ ಜಾಗ ಇಲ್ಲ. ಎಡಗೈದು ಮಾತ್ರ ತಪ್ಪು ನಂದೇ. ಗಾಳಿ ನಳಿಗೆ ಎಲ್ಲೋ ಮಡಚ್ಕೊಂಡಿರ್ಬೇಕು. ನಾಳೆ ನಾನೇ ನಿಮ್ಮನೆಗೆ ಬಂದು ಸರಿಮಾಡಿ ಕೊಡ್ತೀನಿ."

"ಮನೆಗೆ ಬೇಡ ಸಾರ್" ಎಂದು ಮೇಷ್ಟ್ರು ಪಿಸುಗುಟ್ಟಿದ. ಆಮೇಲೆ ಅವಳ ಕಡೆ ನೋಡಿ ಕೈ ಹಿಸುಕಿಕೊಂಡ. "ನಿಜ ಹೇಳ್ಬೇಕಂದ್ರೆ ಎಡಗೈ ಅಲ್ಲ ಮೇಡಂ. ನಮ್ಮನೆಯವಳು. ಆ ಕುರ್ಚಿ ಇಟ್ಟ ಮೇಲೆ ಬೀರು ಬಾಗಿಲು ತೆಗೆಯೋಕೇ ಆಗ್ತಿಲ್ಲ. ಕುರ್ಚಿ ಬೇಕೋ ನಾನು ಬೇಕೋ ಅಂತ ವಾರದಿಂದ ಕೇಳ್ತಾ ಇದಾಳೆ. ಏನೋ ಒಂದು ಕಾರಣ ಹುಡುಕ್ಲೇಬೇಕಿತ್ತು."

ಇನ್ನೊಂದು ದಿನವಾಗಿದ್ದರೆ ಈ ಮಾತು ಕೇಳಿ ಅವಳು ಅವನನ್ನು ಗಾಡಿಯ ಸಮೇತ ಅಟ್ಟುತ್ತಿದ್ದಳು. ಕಂದು ಬಣ್ಣ ಬೇರೆಯಂತೆ! ಆದರೆ ಅವಳಿಗೆ ಈಗ ಸಿಟ್ಟು ಮಾಡಲು ಪುರುಸೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮನುಷ್ಯ ಸುಳ್ಳು ಹೇಳಿದ್ದ. ತಾನಾಗಿಯೇ ಹೇಳಿದ್ದ.

"ನಿಮ್ಮ ಡ್ರೈವಿಂಗ್ ಸ್ಕೂಲಲ್ಲಿ ಇಡಿ" ಎಂದು ಅವಳೂ ಪಿಸುಗುಟ್ಟಿದಳು. "ಕಲಿಯೋಕೆ ಬಂದೋರು ಹೆದರ್ಕೊಂಡೇ ಕಾಯ್ತಾ ಕೂತಿರ್ತಾರಲ್ಲ, ಒಂದು ಗಳಿಗೆ ಕೂತು ಮೈ ಸಡಿಲ ಮಾಡ್ಕೊಳ್ಳಲಿ. ಪಾಠದ ನಡುವೆ ನೀವೂ ಕೂತ್ಕೋಬಹುದು."

ಮೇಷ್ಟ್ರ ಮುಖ ಅರಳಿತು. ತನಗೇ ಇದು ಹೊಳೆಯಲಿಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಕೂಲಿಯವರಿಗೆ ಕೈಸನ್ನೆ ಮಾಡಿದ. ಅವರು ಬಿಚ್ಚಿದ್ದ ಹಗ್ಗವನ್ನು ಸದ್ದಾಗದಂತೆ ಮತ್ತೆ ಬಿಗಿದರು. ಗಾಡಿಯ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡ ಮೇಷ್ಟ್ರು, "ಅಮ್ಮಾವ್ರು ಎದ್ಮೇಲೆ ನಾನು ಕೇಳ್ದೆ ಅಂತ ಹೇಳಿ" ಎಂದು ಹೇಳಿ ಹೋದ.

ರಸ್ತೆ ಖಾಲಿಯಾಯಿತು. ತಪ್ಪಣ್ಣ ಮೆಟ್ಟಿಲ ಮೇಲೆ ಕುಸಿದು ಕೂತ.

"ಸುಳ್ಳು ಹೇಳ್ಬಿಟ್ಟೆ" ಎಂದ.

"ಹೂಂ" ಎಂದಳು. ಮನೆಯೊಳಗೆ ಯಾರೂ ಇಲ್ಲದಿದ್ದರೂ ಅವಳು ಇನ್ನೂ ಪಿಸುದನಿಯಲ್ಲೇ ಇದ್ದಳು.

"ನಾಳೆ ಅವನ ಸ್ಕೂಲಿಗೆ ಕುರ್ಚಿ ರಿಪೇರಿಗೆ ಹೋಗ್ಬೇಕು. ಅತ್ತೆ ಹೇಗಿದಾರೆ ಅಂತ ಅವನು ಕೇಳೇ ಕೇಳ್ತಾನೆ. ಏನು ಹೇಳ್ಲಿ?" ಅವನು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದ. "ಮಂಚದ ಒಂದು ಕಾಲು ಅಲ್ಲಾಡ್ತಿತ್ತು, ಬಿಗಿ ಮಾಡಿದೀನಿ. ಫೋನ್ ಕೊಡು ಇಲ್ಲಿ."

"ಯಾರಿಗೆ?"

ಅವನು ಕೈ ಚಾಚಿದ. ಅವಳೇ ಅಮ್ಮನ ನಂಬರು ಒತ್ತಿ ಕೊಟ್ಟಳು. ಅವನು ಎದ್ದು ನಿಂತು, ಕಾರ್ಖಾನೆಯ ಸಾಹೇಬರ ಎದುರು ನಿಂತವನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡ.

"ಅತ್ತೆ, ನಾನು" ಎಂದ. "ಒಂದು ತಪ್ಪಾಗಿದೆ. ನೀವು ನಮ್ಮನೇಲಿ ಮಲಗಿದೀರಿ ಅಂತ ಒಬ್ಬನಿಗೆ ಸುಳ್ಳು ಹೇಳ್ಬಿಟ್ಟಿದೀನಿ. ನೀವು ಬರದೆ ಇದು ಸರಿಹೋಗಲ್ಲ. ಇವತ್ತೇ ಬರ್ಬೇಕು. ಬಂದು ಇಲ್ಲೇ ಇರ್ಬೇಕು."

ಅವಳು ಗಂಡನ ತೋಳು ಹಿಡಿದು, ಕಿವಿಯನ್ನು ಮೊಬೈಲಿನ ಹತ್ತಿರಕ್ಕೆ ತಂದಳು. ಅಮ್ಮನ ದನಿ ಬಂತು. ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟವಿತ್ತು.

"ಹೌದಾ ಅಳಿಯಂದಿರೆ? ನನಗೆ ಅಲ್ಲಿ ನಿದ್ದೆ ಚೆನ್ನಾಗಿ ಬಂತಾ?"

"ಬಂತು ಅತ್ತೆ" ಎಂದ ತಪ್ಪಣ್ಣ. ಅದು ಆ ದಿನದ ಎರಡನೆಯ ಸುಳ್ಳು. "ನೀವು ರೆಡಿಯಾಗಿರಿ, ನಾವು ಹೊರಟ್ವಿ" ಎಂದು ಸೇರಿಸಿ ಚಪ್ಪಲಿ ಹುಡುಕತೊಡಗಿದ.